ಕಲಬುರಗಿ ಬಿಸಿಲಲ್ಲಿ ಮೈದಾನ ನಡೆಸ್ತಿದ್ದೀವಿ, ನೀರು, ಕರೆಂಟು, ಕಸ ಹೇಗೆ ಕಡಿಮೆ ಮಾಡೋದು?

ಸೇಡಂ ರೋಡ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ರಿಂಗ್ ರೋಡ್ ಆಚೆ ಇರುವ ಒಂದು ಸಣ್ಣ ಕ್ರೀಡಾ ಸಂಘ. ಮೈದಾನ ಸುಮಾರು ಮೂರು ಎಕರೆ. ನಡುವೆ ಕ್ರಿಕೆಟ್ ಪಿಚ್, ಮೂಲೆಯಲ್ಲಿ ಕಬಡ್ಡಿ, ವಾಲಿಬಾಲ್ ಅಂಕಣ, ಪಶ್ಚಿಮಕ್ಕೆ ತಗಡಿನ ಚಾವಣಿಯ ಗ್ಯಾಲರಿ. ಬೆಳಗ್ಗೆ ವಾಕಿಂಗ್ ಮಾಡುವ ಹಿರಿಯರು, ಸಂಜೆ ಆಡಲು ಬರುವ ಮಕ್ಕಳು, ಆಮೇಲೆ ವರ್ಷಕ್ಕೆ ಎರಡು ಮೂರು ಟೂರ್ನಮೆಂಟು. ಇಷ್ಟೇ ನಮ್ಮ ಲೋಕ.

ತೊಂದರೆ ಶುರುವಾಗುವುದು ಮಾರ್ಚ್ ತಿಂಗಳಿಂದ. ಬೋರ್‌ವೆಲ್ ನೀರು ಇಳಿಯುತ್ತದೆ, ಟ್ಯಾಂಕರ್ ತರಿಸುತ್ತೇವೆ, ಎಷ್ಟು ಹಾಕಿದರೂ ಹುಲ್ಲು ಒಣಗುತ್ತದೆ. ನಮ್ಮ ಗೇಟಿನ ಎದುರಿಗಿರುವ ಬಡಾವಣೆಯಲ್ಲಿ ಹೆಣ್ಣುಮಕ್ಕಳು ಕೊಡ ಸಾಲಾಗಿ ಇಟ್ಟುಕೊಂಡು ನೀರಿಗೆ ಕಾಯುತ್ತಿರುತ್ತಾರೆ, ಅವರ ಕಣ್ಣೆದುರೇ ಟ್ಯಾಂಕರ್ ಒಳಗೆ ಬಂದು ಹುಲ್ಲಿಗೆ ನೀರು ಸುರಿದು ಹೋಗುತ್ತದೆ. ಇದು ನನಗೆ ಸರಿ ಕಾಣುತ್ತಿಲ್ಲ. 2016ರ ಬರಗಾಲ ನೆನಪಿರಬೇಕು ನಿಮಗೆ. ನಮ್ಮ ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ಅದೇ ವರ್ಷ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಒಯ್ಯಿರಿ ಅಂತ ಬಾಂಬೆ ಹೈಕೋರ್ಟ್ ಹೇಳಿತ್ತು. ಅಷ್ಟು ದೊಡ್ಡ ಮೈದಾನಗಳಿಗೇ ಆ ಪ್ರಶ್ನೆ ಬಂದಿದೆ ಅಂದಮೇಲೆ ನಮ್ಮಂಥವರೂ ಕೇಳಿಕೊಳ್ಳಬೇಕು ಅಲ್ವಾ?

ಈಗ ಕಮಿಟಿಯಲ್ಲಿ ಒಂದು ಪ್ರಸ್ತಾಪ ಬಂದಿದೆ. ಪೂರ್ತಿ ಮೈದಾನಕ್ಕೆ ಪ್ಲಾಸ್ಟಿಕ್ ಟರ್ಫ್ (ಕೃತಕ ಹುಲ್ಲಿನ ಹಾಸು) ಹಾಸಿಬಿಡೋಣ, ಗ್ಯಾಲರಿ ಕೆಡವಿ ಕಾಂಕ್ರೀಟಿನದು ಕಟ್ಟೋಣ, ನೀರಿನ ತಲೆನೋವೇ ಇರುವುದಿಲ್ಲ ಅಂತ. ದಾನಿಗಳೂ ಸಿಗಬಹುದಂತೆ. ಹಣ ಬರುತ್ತದೆ ಅಂದಾಗ ಬೇಡ ಅನ್ನುವುದು ಕಷ್ಟ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಲೈಟಿಂದೂ ಒಂದು ಸಮಸ್ಯೆ. ನಾಲ್ಕು ಕಂಬ, ಒಂದೊಂದರಲ್ಲಿ 1000 ವ್ಯಾಟಿನ ಆರು ಹಳೇ ಮೆಟಲ್ ಹ್ಯಾಲೈಡ್ ದೀಪ. ಟೂರ್ನಮೆಂಟ್ ಮುಗಿದ ಮರುದಿನ ಮೈದಾನದ ಸುತ್ತ ನೀರಿನ ಬಾಟಲಿ, ಕಪ್, ಫ್ಲೆಕ್ಸು. ಯಾವುದನ್ನು ಮೊದಲು ಹಿಡಿಯಬೇಕು? ಕೈಯಾರೆ ಮಾಡಿದವರು ಹೇಳಿ, ದಯವಿಟ್ಟು.

ಗರಿಕೆ ಬೇರು (ಕಲಬುರಗಿ)

ಸರ್, ನಾನು ಪಿಚ್ ಕೆಲಸ ಮಾಡುವವನು, ಮೈದಾನದಲ್ಲೇ ದಿನ ಕಳೆಯುತ್ತೇನೆ. ಮೊದಲು ನೀರಿನ ಲೆಕ್ಕ ಹಾಕೋಣ, ಆಮೇಲೆ ಉಳಿದದ್ದು ತಾನೇ ಸರಿಹೋಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹುಲ್ಲು ಹಸಿರಾಗಿ ಉಳಿಯಬೇಕು ಅಂದರೆ ದಿನಕ್ಕೆ ಹೆಚ್ಚುಕಡಿಮೆ 5 ಮಿಲಿಮೀಟರ್ ನೀರು ಬೇಕು. ಕೇಳೋಕೆ ಸಣ್ಣದು. ಆದರೆ ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಅಂದರೆ ಒಂದು ಲೀಟರ್. ಮೂರು ಎಕರೆ ಅಂದರೆ 12 ಸಾವಿರ ಚದರ ಮೀಟರ್. ಅಲ್ಲಿಗೆ ದಿನಕ್ಕೆ 60 ಸಾವಿರ ಲೀಟರ್ ಆಯಿತು. 5000 ಲೀಟರಿನ 12 ಟ್ಯಾಂಕರ್, ಅದೂ ದಿನಾ! ನೀವು ಎರಡು ಟ್ಯಾಂಕರ್ ತರಿಸಿ ಇಡೀ ಮೈದಾನಕ್ಕೆ ಚಿಮುಕಿಸಿದರೆ ಮೇಲಿನ ಧೂಳು ನೆನೆಯುತ್ತದೆ, ಬೇರಿಗೆ ಏನೂ ಮುಟ್ಟುವುದಿಲ್ಲ, ಮಧ್ಯಾಹ್ನದೊಳಗೆ ಆವಿಯಾಗಿ ಹೋಗುತ್ತದೆ.

ಈಗ ಪಿಚ್ ಇರುವ ನಡುವಿನ ಚೌಕ ನೋಡಿ. 25 ಮೀಟರ್ ಉದ್ದ, 15 ಮೀಟರ್ ಅಗಲ ಅಂತ ಹಿಡಿದರೆ 375 ಚದರ ಮೀಟರ್. ಅದಕ್ಕೆ ದಿನಕ್ಕೆ 1900 ಲೀಟರ್ ಸಾಕು. ಒಂದು ಟ್ಯಾಂಕರ್ ಎರಡು ದಿನ ಮೀರಿ ಬರುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಬೇಸಿಗೆಯಲ್ಲಿ ನಡುವಿನ ಚೌಕಕ್ಕೆ, ಗಿಡಗಳಿಗೆ ಮಾತ್ರ ನೀರು ಕೊಡಿ. ಉಳಿದ ಮೈದಾನ ಒಣಗಲಿ ಬಿಡಿ.

ಒಣಗಲಿ ಅಂದರೆ ಸಾಯಲಿ ಅಂತಲ್ಲ. ನಿಮ್ಮದು ಗರಿಕೆ ಹುಲ್ಲೇ ಆಗಿದ್ದರೆ, ನಮ್ಮ ಕಡೆ ಬಹಳ ಮಟ್ಟಿಗೆ ಅದೇ ಇರುತ್ತದೆ, ಅದು ಮೇಲೆ ಕಂದು ಬಣ್ಣಕ್ಕೆ ತಿರುಗಿ ನೆಲದೊಳಗೆ ಜೀವ ಹಿಡಿದುಕೊಂಡು ಕೂರುತ್ತದೆ. ಮುಂಗಾರಿನ ಎರಡು ಒಳ್ಳೆ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಬಯಲಲ್ಲಿ, ಹೊಲದ ಬದುವಿನಲ್ಲಿ ಯಾರು ನೀರು ಹಾಕುತ್ತಾರೆ ಹೇಳಿ? ಟಿವಿಯಲ್ಲಿ ಮೈದಾನ ವರ್ಷವಿಡೀ ಹಸಿರಾಗಿ ಕಾಣುತ್ತದೆ ಅಂತ ನಮ್ಮದೂ ಹಾಗೇ ಇರಬೇಕು ಅನ್ನುವುದೇ ಮೊದಲು ಬಿಡಬೇಕಾದ ವಿಚಾರ. ಮೇ ತಿಂಗಳಲ್ಲಿ ಕಂದಾಗಿರುವ ಮೈದಾನ ನಮ್ಮ ಊರಿಗೆ ತಕ್ಕ ಮೈದಾನ.

ಕೆಲವು ಕೆಲಸದ ಮಾತು ಹೇಳ್ತೀನಿ. ಬೇಸಿಗೆಗೆ ಮುಂಚೆ ಕತ್ತರಿಸುವ ಯಂತ್ರದ ಬ್ಲೇಡ್ ಮೇಲಕ್ಕೆ ಏರಿಸಿ, ಹುಲ್ಲು ಒಂದೂವರೆ ಇಂಚು ಇರಲಿ, ನೆಲಕ್ಕೆ ಅದೇ ನೆರಳು. ಕತ್ತರಿಸಿದ ಹುಲ್ಲನ್ನು ಗುಡಿಸಿ ಸುಡಬೇಡಿ, ತೆಳ್ಳಗೆ ಅಲ್ಲೇ ಬಿಡಿ, ಕೊಳೆತು ಗೊಬ್ಬರ ಆಗುತ್ತದೆ. ಯೂರಿಯಾ ಖರ್ಚು ತಾನೇ ಇಳಿಯುತ್ತದೆ. ನೀರು ಹಾಕುವುದಾದರೆ ಸೂರ್ಯ ಹುಟ್ಟುವ ಮೊದಲು ಹಾಕಿ, ದಿನಾ ಸ್ವಲ್ಪ ಸ್ವಲ್ಪ ಬೇಡ, ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಕೊಡಿ. ಆಗ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಪಿಚ್‌ಗೆ ಮಣ್ಣು ದೂರದಿಂದ ಲಾರಿಯಲ್ಲಿ ತರಿಸುವುದೂ ಬೇಡ. ನಮ್ಮ ಎರೆಮಣ್ಣಿನಲ್ಲಿ ಜಿಗುಟು ಜಾಸ್ತಿ, ಚೆನ್ನಾಗಿ ಸೋಸಿ, ಹದ ನೋಡಿ ರೋಲರ್ ಹೊಡೆದರೆ ಒಳ್ಳೆ ಪಿಚ್ ಆಗುತ್ತದೆ. ಕೈಯಲ್ಲಿ ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತಿದರೆ ಬಿರಿಯಬಾರದು, ಬೆರಳಿಗೂ ಅಂಟಬಾರದು. ಅದೇ ರೋಲರ್‌ಗೆ ಹದ.

ಆಫ್‌ಸ್ಪಿನ್ (ಯಾದಗಿರಿ)

ಅಣ್ಣಾ, ನೀವು ಹೇಳುವುದು ಸರಿ. ಆದರೆ ಕಂದು ಮೈದಾನದಲ್ಲಿ ಡೈವ್ ಹೊಡೆದರೆ ಮೊಣಕೈ ಕಿತ್ತುಬರುತ್ತದೆ. ಹುಡುಗರು ಪಕ್ಕದ ಬಾಕ್ಸ್ ಕ್ರಿಕೆಟ್ ಟರ್ಫ್‌ಗೆ ಗಂಟೆಗೆ ದುಡ್ಡು ಕೊಟ್ಟು ಹೋಗುತ್ತಾರೆ. ಟರ್ಫ್ ಹಾಸಿದರೆ ಸಂಘಕ್ಕೂ ಆದಾಯ, ನೀರೂ ಉಳಿತಾಯ. ನೀರು ಉಳಿಸುವುದೇ ಗುರಿ ಅಂದಮೇಲೆ ಅದನ್ನು ಪೂರ್ತಿ ತಳ್ಳಿಹಾಕುವುದು ಯಾಕೆ?

ಶಾಲಾ ಕೋಚ್ (ಕಲಬುರಗಿ)

ಆಫ್‌ಸ್ಪಿನ್ ಅವರೇ, ನಾನು ಮಕ್ಕಳಿಗೆ ಆಟ ಕಲಿಸುವವಳು, ಅದಕ್ಕೇ ಟರ್ಫ್ ವಿಚಾರದಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ನಮ್ಮ ಊರಿನ ಬಿಸಿಲಿಗೆ ಅದು ಆಗಿಬರುವುದಿಲ್ಲ. ಹುಲ್ಲು ತನ್ನ ನೀರು ಆವಿ ಮಾಡಿಕೊಂಡು ತಣ್ಣಗಿರುತ್ತದೆ. ಪ್ಲಾಸ್ಟಿಕ್‌ಗೆ ಆ ಉಪಾಯ ಇಲ್ಲ. ನೇರ ಬಿಸಿಲಿಗೆ ಅದರ ಮೈ 60 ಡಿಗ್ರಿ ದಾಟುತ್ತದೆ. ಶೂ ಹಾಕಿಕೊಂಡಿದ್ದರೂ ಅಂಗಾಲಿಗೆ ಬಿಸಿ ತಟ್ಟುತ್ತದೆ, ಬಿದ್ದ ಮಗುವಿನ ಮೊಣಕಾಲು ಸುಡುತ್ತದೆ. ತಣ್ಣಗೆ ಮಾಡೋಕೆ ಅದಕ್ಕೂ ನೀರೇ ಚಿಮುಕಿಸುತ್ತಾರೆ. ಹಾಗಾದರೆ ಉಳಿತಾಯ ಎಲ್ಲಿ ಬಂತು?

ಇನ್ನೊಂದು, ಬಹಳ ಟರ್ಫ್‌ಗಳಲ್ಲಿ ಎಳೆಗಳ ನಡುವೆ ಹಳೇ ಟೈರ್ ಪುಡಿ ತುಂಬಿರುತ್ತಾರೆ. ಮಕ್ಕಳ ಸಾಕ್ಸ್ ಕೊಡವಿದರೆ ಕರಿ ಕಾಳಿನ ಹಾಗೆ ಉದುರುತ್ತದೆ, ಮಳೆಗೆ ಕೊಚ್ಚಿ ಚರಂಡಿ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ಮೇಲೆ ನಿಷೇಧ ತಂದಾಗ ಮೈದಾನಗಳ ಈ ಪುಡಿಯನ್ನೂ ಸೇರಿಸಿತು, ಬದಲಾಯಿಸಿಕೊಳ್ಳೋಕೆ 8 ವರ್ಷ ಕೊಟ್ಟಿತು. ಅಲ್ಲಿ ಬೇಡವಾಗುತ್ತಿರುವುದನ್ನು ನಾವು ಈಗ ಹೊಸದಾಗಿ ದುಡ್ಡು ಕೊಟ್ಟು ತರುವುದು ಯಾವ ಲೆಕ್ಕ? ಎಂಟು ಹತ್ತು ವರ್ಷಕ್ಕೆ ಹಾಸು ಸವೆದುಹೋಗುತ್ತದೆ, ಆಗ ಆ ಟನ್‌ಗಟ್ಟಲೆ ಪ್ಲಾಸ್ಟಿಕ್ ಎಲ್ಲಿಗೆ ಹಾಕುತ್ತೀರಿ? ದಾನಿ ಹಾಸುವುದಕ್ಕೆ ಕೊಡುತ್ತಾರೆ, ತೆಗೆಯುವುದಕ್ಕೆ ಯಾರು ಕೊಡುತ್ತಾರೆ?

ಆದರೆ ನಿಮ್ಮ ಮೊಣಕೈ ಮಾತು ನಿಜ. ನೆಟ್ಸ್ ಇರುವ ಕಡೆ ಎರಡು ಮ್ಯಾಟ್ ಸಾಕು. ಮೈದಾನದಲ್ಲಿ ಡೈವ್ ಬೀಳುವ ಜಾಗ ಅಂದರೆ ಮೂವತ್ತು ಗಜದ ಒಳಗೆ. ಅಲ್ಲಿ ಹುಲ್ಲು ಸ್ವಲ್ಪ ಎತ್ತರ ಬಿಟ್ಟು, ಮಳೆಗಾಲದಲ್ಲಿ ಖಾಲಿ ಬಿದ್ದ ಕಡೆ ಗರಿಕೆ ನೆಟ್ಟು ದಟ್ಟ ಮಾಡಿಕೊಂಡರೆ ಬೇಸಿಗೆಯಲ್ಲಿ ಒಣಗಿದರೂ ಅದು ಚಾಪೆಯ ಹಾಗೆ ಇರುತ್ತದೆ. ನೆಲ ಕಿತ್ತುಬರುವುದು ಹುಲ್ಲು ಒಣಗಿದ್ದಕ್ಕಲ್ಲ, ಹುಲ್ಲೇ ಇಲ್ಲದ್ದಕ್ಕೆ.

ವೇಳೆ ಬಗ್ಗೆಯೂ ಯೋಚಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಟೂರ್ನಮೆಂಟ್ ಯಾಕೆ ಮಧ್ಯಾಹ್ನ ಇಡಬೇಕು? ಬೆಳಗ್ಗೆ ಆರೂವರೆಗೆ ಮೊದಲ ಬಾಲ್ ಹಾಕಿ, ಹತ್ತೂವರೆಯೊಳಗೆ ಮುಗಿಸಿ. ಲೈಟೂ ಬೇಡ, ಮಕ್ಕಳಿಗೆ ಬಿಸಿಲೂ ಬಡಿಯುವುದಿಲ್ಲ.

ಮೀಟರ್ ಬೋರ್ಡ್ (ಕಲಬುರಗಿ)

ಲೈಟಿನ ಬಗ್ಗೆ ನಾನು ಹೇಳುತ್ತೇನೆ, ವೈರಿಂಗ್ ಕೆಲಸ ನಂದು. 24 ದೀಪ, ಒಂದೊಂದು 1000 ವ್ಯಾಟ್, ಚೋಕ್ ತಿನ್ನುವುದು ಸೇರಿದರೆ ಒಟ್ಟು 26 ಕಿಲೋವ್ಯಾಟ್ ಹತ್ತಿರ. ಸಂಜೆ ಮೂರು ಗಂಟೆ ಉರಿದರೆ 78 ಯೂನಿಟ್. ಅದೇ ಬೆಳಕಿಗೆ ಒಳ್ಳೆ ಎಲ್‌ಇಡಿ ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಸಾಕು. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಮೆಟಲ್ ಹ್ಯಾಲೈಡ್ ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳೋಕೆ ಹತ್ತು ಹದಿನೈದು ನಿಮಿಷ ಬೇಕು, ಅದಕ್ಕೇ ಬ್ರೇಕ್‌ನಲ್ಲೂ ಯಾರೂ ಆರಿಸುವುದಿಲ್ಲ, ಸುಮ್ನೆ ಉರಿಯುತ್ತಿರುತ್ತದೆ. ಎಲ್‌ಇಡಿ ಸ್ವಿಚ್ ಒತ್ತಿದ ಕೂಡಲೇ ಹೊತ್ತುತ್ತದೆ. ಪ್ರಾಕ್ಟೀಸ್ ದಿನ ಎರಡು ಕಂಬ, ಮ್ಯಾಚ್ ದಿನ ನಾಲ್ಕು. ವಾಕಿಂಗ್‌ಗೆ ಒಂದೇ ಒಂದು ಸಣ್ಣ ದೀಪ. ಸ್ವಿಚ್ ಬೇರೆ ಬೇರೆ ಮಾಡಿಸಿ, ಇದೊಂದನ್ನು ಇವತ್ತೇ ಮಾಡಬಹುದು, ಹೊಸ ದೀಪ ಬರುವ ತನಕ ಕಾಯುವುದು ಬೇಡ. ಹಳೇ ದೀಪದೊಳಗೆ ಪಾದರಸ ಇರುತ್ತದೆ, ಒಡೆದು ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಸೋಲಾರ್ ಖಂಡಿತ ಹಾಕಿ, ಆದರೆ ಲೈಟ್ ಬದಲಾಯಿಸಿದ ಮೇಲೆ. ಮೊದಲೇ ಹಾಕಿದರೆ ಹಳೇ ದೀಪದ ದುಂದಿಗೆ ತಕ್ಕಷ್ಟು ದೊಡ್ಡ ಪ್ಯಾನೆಲ್ ಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿ ಚಾವಣಿಗೆ 2015ರಲ್ಲಿ 400 ಕಿಲೋವ್ಯಾಟ್ ಹಾಕಿದರು. ನಿಮಗೆ 10 ಕಿಲೋವ್ಯಾಟ್ ಸಾಕು, ಸುಮಾರು ಸಾವಿರ ಚದರ ಅಡಿ ಜಾಗ ಹಿಡಿಯುತ್ತದೆ, ದಿನಕ್ಕೆ 40 ಯೂನಿಟ್ ಅಂದಾಜು. ಎಲ್‌ಇಡಿಗೆ ಬೇಕಾಗುವುದೂ ಅಷ್ಟೇ. ಹಗಲು ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿಗೆ ಕೊಟ್ಟು ರಾತ್ರಿ ವಾಪಸ್ ಪಡೆಯುವ ನೆಟ್ ಮೀಟರಿಂಗ್ ಬಗ್ಗೆ ನಿಮ್ಮ ಸಬ್ ಡಿವಿಜನ್‌ನಲ್ಲಿ ವಿಚಾರಿಸಿ, ಬ್ಯಾಟರಿಯ ಖರ್ಚು ತಪ್ಪುತ್ತದೆ.

ನಮ್ಮ ಕಡೆಯ ಎರಡು ಶತ್ರುಗಳು ನೆನಪಿರಲಿ: ಧೂಳು, ಕಾವು. ಪ್ಯಾನೆಲ್ 25 ಡಿಗ್ರಿ ಮೀರಿ ಬಿಸಿಯಾದಂತೆ ಪ್ರತಿ ಡಿಗ್ರಿಗೂ ಸ್ವಲ್ಪ ಸ್ವಲ್ಪ ಕರೆಂಟ್ ಕಳೆದುಕೊಳ್ಳುತ್ತದೆ, ಮೇ ತಿಂಗಳ ಮಧ್ಯಾಹ್ನ ಆ ನಷ್ಟ 15 ಪರ್ಸೆಂಟ್ ಹತ್ತಿರ ಹೋಗಬಹುದು. ತಗಡಿಗೆ ಅಂಟಿಸಿದ ಹಾಗೆ ಕೂರಿಸಬೇಡಿ, ಕೆಳಗೆ ಗಾಳಿ ಆಡಲು ಜಾಗ ಬಿಡಿಸಿ. ತೊಳೆಯುವುದು ನಸುಕಿನಲ್ಲಿ, ಬಿಸಿ ಗಾಜಿಗೆ ತಣ್ಣೀರು ಬೀಳಬಾರದು. ತೊಳೆದ ನೀರು ಪೈಪಿನಲ್ಲಿ ಗಿಡಕ್ಕೆ ಹೋಗಲಿ.

ಬೀದರ್ ಕೆಮ್ಮಣ್ಣು (ಬೀದರ್)

ಮಳೆ ನೀರಿನ ಮಾತು ಇನ್ನೂ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ವರ್ಷಕ್ಕೆ ಸರಾಸರಿ 700 ಮಿ.ಮೀ. ಮೇಲೆ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಗ್ಯಾಲರಿ ತಗಡು 400 ಚದರ ಮೀಟರ್ ಇದೆ ಅಂದುಕೊಳ್ಳಿ. ಚೆಲ್ಲಿಹೋಗುವುದು, ಆವಿಯಾಗುವುದು ಕಳೆದರೂ ಎರಡು ಲಕ್ಷ ಲೀಟರ್ ದಾಟುತ್ತದೆ. ನಲವತ್ತು ಟ್ಯಾಂಕರ್ ನೀರು ರೀ, ಈಗ ಚರಂಡಿಗೆ ಹೋಗುತ್ತಿದೆ!

ಇಂಗುಗುಂಡಿ ತೋಡಿ ಅದನ್ನು ನೆಲಕ್ಕೆ ಇಳಿಸಬಹುದು. ಆದರೆ ಒಂದು ಎಚ್ಚರಿಕೆ. ನಮ್ಮ ಬೀದರ್‌ನಲ್ಲಿ ಕಂಡದ್ದನ್ನು ಹಾಗೇ ಕಲಬುರಗಿಯಲ್ಲಿ ಮಾಡಬೇಡಿ. ಇಲ್ಲಿ ಕೆಂಪು ಜಂಬಿಟ್ಟಿಗೆ ನೆಲ. ನೀರು ಅದರೊಳಗೆ ಸಲೀಸಾಗಿ ಇಳಿದು ಕೆಳಗಿನ ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ. ಬಹಮನಿ ಕಾಲದವರು ಇದನ್ನು ತಿಳಿದುಕೊಂಡೇ ನೌಬಾದ್‌ನಲ್ಲಿ ಸುರಂಗ ಕಾಲುವೆ ತೋಡಿದರು, ನೆಲದೊಳಗಿನ ನೀರು ಯಾವ ಯಂತ್ರವೂ ಇಲ್ಲದೆ ಇಳಿಜಾರಿನಲ್ಲಿ ಹರಿದು ಬರುವ ಹಾಗೆ. ನಿಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಒಂದು ಹನಿ ಒಳಗೆ ಬಿಡುವುದಿಲ್ಲ. ಆ ಮಣ್ಣಿನಲ್ಲಿ ನಾಲ್ಕಡಿ ಗುಂಡಿ ತೋಡಿ ಜಲ್ಲಿ ತುಂಬಿದರೆ ಅದು ಸೊಳ್ಳೆ ಗುಂಡಿ ಆಗುತ್ತದೆ ಅಷ್ಟೇ. ಎರೆಮಣ್ಣಿನ ಪದರ ದಾಟಿ ಕೆಳಗಿನ ಮುರುಮ್ (ಬಂಡೆ ಸವೆದು ಆದ ಗರಸು ಪದರ) ಸಿಗುವವರೆಗೆ ತೋಡಬೇಕು. ಕೆಳಗೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಮರಳು. ಮರಳಿನ ಪದರ ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ವರ್ಷದ ಮೊದಲ ಮಳೆಯ ನೀರು ಒಳಗೆ ಬಿಡಬೇಡಿ, ತಗಡಿನ ಕೊಳೆ, ಪಕ್ಷಿ ಹಿಕ್ಕೆ ಎಲ್ಲಾ ಇರುತ್ತದೆ. ಗಾಡಿ ನಿಲ್ಲಿಸುವ ಜಾಗದ ನೀರಂತೂ ಬೇಡವೇ ಬೇಡ, ಅದರಲ್ಲಿ ಎಣ್ಣೆ.

ಗ್ಯಾಲರಿ ಕೆಡವುವ ವಿಚಾರ ಕೇಳಿ ಬೇಜಾರಾಯಿತು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ಇರುವ ಜಿಲ್ಲೆ ನಿಮ್ಮದು, ಸಿಮೆಂಟ್ ಸುಲಭಕ್ಕೆ ಸಿಗುತ್ತದೆ ನಿಜ. ಆದರೆ ಇಡೀ ಪ್ರಪಂಚದ ಕಾರ್ಬನ್ ಡೈಆಕ್ಸೈಡಿನಲ್ಲಿ 7-8 ಪರ್ಸೆಂಟ್ ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಪ್ಯಾರಿಸ್‌ನವರು 2024ರ ಒಲಿಂಪಿಕ್ಸನ್ನೇ 95 ಪರ್ಸೆಂಟ್ ಹಳೇ ಕಟ್ಟಡ, ತಾತ್ಕಾಲಿಕ ಕಟ್ಟಡಗಳಲ್ಲಿ ಮುಗಿಸಿದರು. ನಿಮ್ಮ ಟೂರ್ನಮೆಂಟಿಗೆ ಜನ ಜಾಸ್ತಿ ಬಂದರೆ ಶಾಮಿಯಾನ ಬಾಡಿಗೆಗೆ ಸಿಗುತ್ತದೆ. ಇನ್ನೂ ಕೂರುವ ಜಾಗ ಬೇಕೇ ಬೇಕು ಅಂದರೆ ಗುಂಡಿ ತೋಡಿದಾಗ ಬಂದ ಮುರುಮ್‌ನಿಂದ ಬೌಂಡರಿ ಆಚೆ ಏರಿ ಹಾಕಿ, ಮೆಟ್ಟಿಲಿಗೆ ಶಹಾಬಾದ್ ಕಲ್ಲು ಹಾಸಿ. ಮೇಲೆ ನೆರಳು ಇರಲೇಬೇಕು, ಬರೀ ಕಲ್ಲು ಆದರೆ ಕೂರೋಕೆ ಆಗುವುದಿಲ್ಲ.

ನೆರಳಿಗೆ ಪಶ್ಚಿಮ ಬದಿಯಲ್ಲಿ ಬೇವು, ಹೊಂಗೆ, ಬಸರಿ ನೆಡಿ, ಪಿಚ್‌ನಿಂದ ದೂರ ಇರಲಿ. ಬೇಗ ಬೆಳೆಯುತ್ತದೆ ಅಂತ ಯಾರಾದರೂ ಕೊನೊಕಾರ್ಪಸ್ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಲ್ಲಿಸಿತು.

ಸುಸಲಾ ಮಿರ್ಚಿ (ಕಲಬುರಗಿ)

ಕಸದ ವಿಷಯ. ನಾವು ಓಣಿ ಟೂರ್ನಮೆಂಟ್ ನಡೆಸುವವರು, ನಮ್ಮ ಅನುಭವದಲ್ಲಿ ಕಸ ಎತ್ತುವುದಕ್ಕಿಂತ ಒಳಗೆ ಬರದ ಹಾಗೆ ನೋಡಿಕೊಳ್ಳುವುದು ಸುಲಭ. ಬಾಟಲಿ ನೀರು ಮಾರಲು ಬಿಡಬೇಡಿ. ಗೇಟಿನ ಹತ್ತಿರ ನೆರಳಲ್ಲಿ ಅರವಟಿಗೆ ಇಡಿ, ದೊಡ್ಡ ಮಣ್ಣಿನ ಮಡಿಕೆ, ಒದ್ದೆ ಬಟ್ಟೆ ಸುತ್ತಿ, ಉದ್ದ ಹಿಡಿಕೆಯ ಸೌಟು, ಸ್ಟೀಲ್ ಲೋಟ. ನಮ್ಮಲ್ಲಿ ಜನ ಬಾಟಲಿ ಕೇಳುವುದೇ ನಿಂತುಹೋಯಿತು, ಆ ನೀರಿನ ರುಚಿಯೇ ಬೇರೆ. ಲೋಟ ತೊಳೆದ ನೀರಿಗೆ ಒಂದು ಕಾಲುವೆ ಎಳೆದು ಬೇವಿನ ಬುಡಕ್ಕೆ ಬಿಟ್ಟಿದ್ದೇವೆ.

ಸುಸಲಾ, ಮಿರ್ಚಿ ಭಜಿ ಮಾರುವವರ ಹತ್ತಿರ ಮೊದಲೇ ಕೂತು ಮಾತಾಡಿ. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಕರ್ನಾಟಕದಲ್ಲಿ ಅದಕ್ಕೂ ಮೊದಲು 2016ರಲ್ಲೇ ಆಗಿತ್ತು, ಫ್ಲೆಕ್ಸೂ ಅದರಲ್ಲಿ ಸೇರಿದೆ. ಆದರೆ ಬರೀ ಕಾನೂನು ಹೇಳಿದರೆ ಗಾಡಿಯವರು ಏನು ಮಾಡಬೇಕು? ಮುತ್ತುಗದ ಎಲೆಯ ಪತ್ರಾವಳಿ ನೀವೇ ಒಟ್ಟಿಗೆ ತರಿಸಿ ಅದೇ ರೇಟಿಗೆ ಕೊಡಿ. ಅವರ ಹೊಟ್ಟೆ ಮೇಲೆ ಹೊರೆ ಹಾಕಬಾರದು. ಎಲೆ, ಉಳಿದ ತಿಂಡಿ, ಬಿದ್ದ ಬೇವಿನ ಎಲೆ ಎಲ್ಲಾ ಒಂದೇ ಗೊಬ್ಬರದ ಗುಂಡಿಗೆ. ಬ್ಯಾನರ್ ಬಟ್ಟೆಯದು ಬರೆಸಿ, ಇಸವಿ ಹಾಕಬೇಡಿ, ಮುಂದಿನ ವರ್ಷ ಅದೇ ಬರುತ್ತದೆ.

ಮತ್ತೆ ಗಾಡಿಗಳು. ಇಂಥ ಯಾವುದೇ ಪಂದ್ಯದಲ್ಲಿ ಹೊಗೆಯ ದೊಡ್ಡ ಪಾಲು ಜನ ಬಂದು ಹೋಗುವುದರಿಂದಲೇ. ಸೂಪರ್ ಮಾರ್ಕೆಟ್ ಬಸ್ ನಿಲ್ದಾಣದಿಂದ ಸಿಟಿ ಬಸ್ ಯಾವುದು, ಎಷ್ಟು ಗಂಟೆಗೆ ಅಂತ ಟೂರ್ನಮೆಂಟ್ ಮೆಸೇಜಿನಲ್ಲೇ ಹಾಕಿ. ಸೈಕಲ್‌ನಲ್ಲಿ ಬಂದವರಿಗೆ ನೆರಳಿನ ಜಾಗ ಮೊದಲು ಕೊಡಿ.

ಸೇಡಂ ರೋಡ್ (ಕಲಬುರಗಿ)

ಎಲ್ಲರಿಗೂ ಮನಸಾರೆ ಧನ್ಯವಾದ. ಗರಿಕೆ ಅಣ್ಣನವರ 60 ಸಾವಿರ ಲೀಟರ್ ಲೆಕ್ಕ ಕಮಿಟಿ ಮುಂದೆ ಬಿಳಿ ಹಾಳೆಯಲ್ಲಿ ಬರೆದು ಇಡುತ್ತೇನೆ, ಕೋಚ್ ಮೇಡಂ ಕೇಳಿದ ಪ್ರಶ್ನೆಯನ್ನೂ, ತೆಗೆಯುವುದಕ್ಕೆ ದುಡ್ಡು ಯಾರು ಕೊಡುತ್ತಾರೆ ಅಂತ. ದಾನಿಗಳಿಗೆ ಟರ್ಫ್ ಬದಲು ಎಲ್‌ಇಡಿ, ಇಂಗುಗುಂಡಿ ಕೊಡಿಸಿ ಅಂತ ಕೇಳುವ ವಿಚಾರ ಇದೆ. ಸ್ವಿಚ್ ಬೇರೆ ಮಾಡಿಸುವ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಡ, ಅದು ಈ ವಾರವೇ.

ಬೀದರ್‌ನವರೇ, ಒಂದು ಸಂಶಯ. ಹೋದ ವರ್ಷ ಕಂಬ ಹಾಕುವಾಗ ಆರು ಅಡಿಗೂ ಎರೆಮಣ್ಣೇ ಬಂದಿತ್ತು. ಇನ್ನೂ ಆಳಕ್ಕೆ ಹೋಗಬೇಕಾದರೆ ಗುಂಡಿ ಬದಿ ಕುಸಿಯುವುದಿಲ್ಲವೇ?

ಬೀದರ್ ಕೆಮ್ಮಣ್ಣು (ಬೀದರ್)

ಕುಸಿಯುತ್ತದೆ, ಅದಕ್ಕೇ ಒಣ ದಿನಗಳಲ್ಲೇ ತೋಡಿ ಮುಗಿಸಿ, ರೋಹಿಣಿ ಮಳೆ ಶುರುವಾಗುವ ಮುಂಚೆ. ಅಗಲದ ಗುಂಡಿ ಬೇಡ. ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಇಳಿಸಿ, ಮುರುಮ್ ಸಿಕ್ಕ ಮೇಲೆ ಕೆಳಗಿನ ಎರಡು ರಿಂಗ್ ತೂತಿನವು ಇರಲಿ. ಬದಿಗೆ ಆಧಾರ ಇಲ್ಲದೆ ಯಾರನ್ನೂ ಒಳಗೆ ಇಳಿಸಬೇಡಿ, ಮೇಲೆ ಜಾಲರಿ ಮುಚ್ಚಳ ಹಾಕಿ ಬೀಗ ಹಾಕಿ, ಮಕ್ಕಳು ಓಡಾಡುವ ಜಾಗ. ಗ್ಯಾಲರಿ ತಗಡಿನ ಅಳತೆ, ಬೋರ್‌ವೆಲ್ ಎಷ್ಟು ದೂರ ಇದೆ ಅಂತ ಇಲ್ಲಿ ಹಾಕಿ, ಎಷ್ಟು ರಿಂಗ್ ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.